ನೀರು ಎಲ್ಲಿಯವರೆಗೆ ಬಂದಿತ್ತು?

ದರ್ಜಿ ತನ್ನ ಗೋಡೆಗೆ ತಾನು ಬಣ್ಣ ಬಳಿದದ್ದೇ ತಪ್ಪಾಯಿತು. ಬಳಿಯದೆ ಇರುವಂತೆಯೂ ಇರಲಿಲ್ಲ ಎನ್ನಿ.

ನದಿ ದಂಡೆಯ ಬೀದಿಯಲ್ಲಿದ್ದ ಅವನ ಹೊಲಿಗೆ ಅಂಗಡಿಯ ಹೊರಗೋಡೆಯ ಮೇಲೆ ಒಂದು ಕೆಂಪು ಗೆರೆ ಇತ್ತು. ಹಿಂದೊಮ್ಮೆ ಪ್ರವಾಹ ಬಂದು ಹೋದಾಗ, ನೀರು ಇಲ್ಲಿಯವರೆಗೆ ಏರಿತ್ತು ಎಂದು ಇಲಾಖೆಯವರು ಎಳೆದು ಹೋದ ಗೆರೆ. ಅದು ಮೊಣಕಾಲಿನ ಎತ್ತರದಲ್ಲಿತ್ತು. ಆದರೆ ದರ್ಜಿಯ ಕಥೆಯಲ್ಲಿ ನೀರು ಕುತ್ತಿಗೆಯವರೆಗೆ ಬಂದಿತ್ತು. ಬೀದಿಯ ಜನವೆಲ್ಲ ಗುಡ್ಡದ ಮೇಲಿನ ಶಾಲೆಗೆ ಹೋಗಿಬಿಟ್ಟಿದ್ದ ಆ ದಿನ ಹಿಂದೆ ಉಳಿದವರು ಇಬ್ಬರೇ: ದರ್ಜಿ ಮತ್ತು ಎದುರುಮನೆಯ ಅಜ್ಜಿ. ಕುತ್ತಿಗೆಮಟ್ಟದ ನೀರಿನಲ್ಲಿ ಅಜ್ಜಿಯನ್ನು ಬೆನ್ನ ಮೇಲೆ ಹೊತ್ತು ದಾಟಿಸಿದ ಸಾಹಸವನ್ನು, ಅಳತೆ ಕೊಡಲು ಬಂದ ಪ್ರತಿಯೊಬ್ಬ ಗಿರಾಕಿಗೂ ಅವನು ಹೇಳಿದ್ದ. ಎರಡೂ ಕೈ ಎತ್ತಿ ನಿಂತ ಗಿರಾಕಿ ತಪ್ಪಿಸಿಕೊಂಡು ಓಡುವುದಾದರೂ ಎಲ್ಲಿಗೆ? ಅಜ್ಜಿಯೂ ತನ್ನ ಮನೆಯ ಜಗಲಿಯ ಮೇಲೆ ಕೂತು ಕೇಳಿಸಿಕೊಂಡು ನಗುತ್ತಿದ್ದಳು, ಅಷ್ಟೇ. ಆ ಕಥೆಯಿಂದ ದರ್ಜಿಗೆ ಬೀದಿಯಲ್ಲಿ ಒಂದು ತೂಕ ಬಂದಿತ್ತು. ಸಭೆಗಳಲ್ಲಿ ಮುಂದಿನ ಸಾಲಿನ ಕುರ್ಚಿ ಸಿಗುತ್ತಿತ್ತು. ಹೆಂಡತಿ ಕೂಡ ನಾಲ್ಕು ಜನರ ಎದುರು "ನಮ್ಮ ಯಜಮಾನ್ರು" ಎನ್ನುತ್ತಿದ್ದಳು.

ಗೆರೆ ಯಾಕೆ ಅಷ್ಟು ಕೆಳಗಿದೆ ಎಂದು ಯಾರಾದರೂ ಕೇಳಿದರೆ ಉತ್ತರ ಸಿದ್ಧವಾಗಿತ್ತು. "ಇಲಾಖೆಯವ್ನು ಬರೋ ಹೊತ್ತಿಗೆ ನೀರು ಇಳಿದುಹೋಗಿತ್ತು ಕಣ್ರೀ."

ಕಳೆದ ವಾರ ಒಬ್ಬ ಬಸ್ ಡ್ರೈವರ್ ಬಂದವನು ಗೆರೆಯ ಪಕ್ಕ ಕಾಲಿಟ್ಟು ನೋಡಿ, "ಏನ್ ಟೈಲರೇ, ನಿಮ್ಮ ಪ್ರವಾಹಕ್ಕೆ ಪ್ಯಾಂಟು ಮಡಚಿಕೊಂಡಿದ್ರೆ ಸಾಕಿತ್ತಲ್ಲ!" ಎಂದುಬಿಟ್ಟ. ಅಂಗಡಿಯಲ್ಲಿದ್ದವರೆಲ್ಲ ಗೊಳ್ಳೆಂದು ನಕ್ಕರು. ದರ್ಜಿಯ ಮುಖ ಹುಳ್ಳಗಾಯಿತು. ಭಾನುವಾರ ಬಣ್ಣದ ಡಬ್ಬಿ ತಂದವನೇ ಗೋಡೆಯನ್ನು ಬೆಳ್ಳಗೆ ಮಾಡಿ, ಆ ರಾತ್ರಿ ನೆಮ್ಮದಿಯಾಗಿ ನಿದ್ದೆ ಹೋದ.

ಸೋಮವಾರ ಬೆಳಿಗ್ಗೆ ಅಂಗಡಿ ಬಾಗಿಲು ತೆಗೆಯುವಷ್ಟರಲ್ಲಿ ಮೂಲೆಮನೆಯ ನಿವೃತ್ತ ಮೇಷ್ಟ್ರು ಪತ್ರಿಕೆ ಬೀಸುತ್ತಾ ಬಂದರು.

"ನಮ್ಮ ಅದೃಷ್ಟ ಖುಲಾಯಿಸ್ತು ಕಣಯ್ಯಾ! ಕೇಂದ್ರ ಸರ್ಕಾರದ ಹೊಸ ನದಿ ಕಾಯ್ದೆ ಪಾಸಾಗಿದೆಯಲ್ಲ, ಅದರಲ್ಲಿ ದಂಡೆ ಬೀದಿಗಳಿಗೆ ತಡೆಗೋಡೆ ಕಟ್ಟಿಕೊಡ್ತಾರೆ. ರಾಜಧಾನಿಯಿಂದ ಇಂಜಿನಿಯರ್ ಮೇಡಂ ಇವತ್ತೇ ಬರ್ತಿದಾರೆ. ನೀರಿನ ಗುರುತು ಇದ್ರೆ ಗೋಡೆ, ಇಲ್ದಿದ್ರೆ ಇಲ್ಲ. ನಮ್ಮ ಬೀದಿಗೆಲ್ಲ ಇರೋದು ನಿನ್ನದೊಂದೇ ಗುರು..."

ಮೇಷ್ಟ್ರ ಬಾಯಿ ತೆರೆದಂತೆಯೇ ನಿಂತಿತು. ಗೋಡೆ ಹಾಲಿನಂತೆ ಬೆಳ್ಳಗೆ ಹೊಳೆಯುತ್ತಿತ್ತು.

"ಎಲ್ಲಯ್ಯಾ ಗೆರೆ?"

"ಅದು... ಗೋಡೆ ತುಂಬಾ ಗಲೀಜಾಗಿತ್ತು ಮೇಷ್ಟ್ರೇ."

"ಅಯ್ಯೋ ನಿನ್ನ ಮನೆ ಕಾಯ್ವಾಗ!" ಎಂದು ಮೇಷ್ಟ್ರು ಕೂಗಿದ ಕೂಗಿಗೆ ಬೀದಿಗೆ ಬೀದಿಯೇ ಅಂಗಡಿ ಮುಂದೆ ಬಂದು ನಿಂತಿತು. ಪ್ರತಿ ಮಳೆಗಾಲವೂ ಹಾಸಿಗೆ ಸುತ್ತಿಟ್ಟು ನದಿಯನ್ನೇ ನೋಡುತ್ತಾ ಕೂರುವ ಜನ ಅವರು. ಗೋಡೆ ತಪ್ಪಿಹೋದರೆ ಅವರು ದರ್ಜಿಯನ್ನು ಬಿಡುತ್ತಾರೆಯೇ?

ಔಷಧಿ ಅಂಗಡಿಯವನು ತನ್ನ ಬೋರ್ಡಿಗೆ ಬಳಿದು ಉಳಿದಿದ್ದ ಕೆಂಪು ಬಣ್ಣ ತಂದ. "ಆದದ್ದಾಯ್ತು, ಈಗ ಹೊಸದಾಗಿ ಎಳೆದ್ರಾಯ್ತು. ನೀರಲ್ಲಿ ನಿಂತಿದ್ದೋನು ನೀನೇ ತಾನೆ? ಎಲ್ಲಿವರೆಗೆ ಬಂದಿತ್ತು ಹೇಳು."

ಮೊಣಕಾಲು ಎನ್ನಲು ದರ್ಜಿಯ ನಾಲಿಗೆ ಏಳಲಿಲ್ಲ. ಇಷ್ಟು ವರ್ಷ ಕಾಪಾಡಿಕೊಂಡು ಬಂದ ಮಾನವನ್ನು ಕೈಯಾರೆ ಚರಂಡಿಗೆ ಹಾಕುವುದು ಹೇಗೆ? ಎದುರಿಗೆ ಹೆಂಡತಿ ಬೇರೆ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. "ಕುತ್ತಿಗೆವರೆಗೆ," ಎಂದ, ನೆಲ ನೋಡುತ್ತಾ.

"ನಿನ್ನ ಕುತ್ತಿಗೆ ಅಂದ್ರೆ ನನ್ನ ಅಂಗಡಿ ಮೇಲಿನ ಹಲಗೆಗೆ ಬರಲ್ವಲ್ಲೋ," ಎಂದು ಔಷಧಿ ಅಂಗಡಿಯವನು ತಲೆ ಕೆರೆದುಕೊಂಡ. ಮೇಲಿನ ಹಲಗೆಯ ಔಷಧಿಯೆಲ್ಲ ತೊಯ್ದುಹೋಯಿತೆಂದು ಅವನು ಆಗಲೇ ಪರಿಹಾರ ತೆಗೆದುಕೊಂಡು ಅರಗಿಸಿಕೊಂಡಾಗಿತ್ತು. "ಇನ್ನೊಂಚೂರು ಮೇಲೆ ಎಳಿ."

"ಅಲ್ಲಿಗೂ ಸಾಲದು," ಎಂದರು ಮೇಷ್ಟ್ರು. ಶಾಲೆಯಿಂದ ತಂದು ಮರಳಿಸದೆ ಇಟ್ಟುಕೊಂಡಿದ್ದ ಪುಸ್ತಕಗಳು ತಮ್ಮ ಮನೆಯ ಅಟ್ಟದ ಮೇಲೇ ನೆನೆದು ಹಾಳಾದವೆಂದು ಅವರು ಬರೆದುಕೊಟ್ಟಿದ್ದರು. "ಅಟ್ಟಕ್ಕೆ ನೀರು ಬಂದಿತ್ತಯ್ಯಾ. ಅಲ್ದೆ ನೀರು ಜಾಸ್ತಿಯಿದ್ದಷ್ಟೂ ಗೋಡೆ ಗಟ್ಟಿ ಕಟ್ತಾರೆ. ಏಣಿ ತನ್ನಿ!"

ಹೀಗೆ ಒಬ್ಬೊಬ್ಬರ ಸುಳ್ಳಿಗೂ ಗೆರೆ ಒಂದೊಂದು ಮೆಟ್ಟಿಲು ಹತ್ತಿತು. ಏಣಿಯ ತುದಿಯಲ್ಲಿ ಕುಂಚ ಹಿಡಿದು ನಿಂತ ದರ್ಜಿ, ತನ್ನ ಒಂದು ಸುಳ್ಳು ಇಷ್ಟು ಜನರನ್ನು ಹೊತ್ತುಕೊಂಡು ಮೇಲೇರುತ್ತಿರುವುದನ್ನು ಕಂಡು ಏಣಿಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡ. ಕೊನೆಗೆ ಗೆರೆ ಬಾಗಿಲಿನ ಮೇಲೆ, ಬೋರ್ಡಿನ ಪಕ್ಕ ಹೋಗಿ ಕೂತಿತು.

ಏಣಿ ಒಳಗಿಡುವಷ್ಟರಲ್ಲಿ ಜೀಪು ಬಂತು. ಇಂಜಿನಿಯರ್ ಮೇಡಂ ಇಳಿದು, ಕತ್ತೆತ್ತಿ, ಇನ್ನಷ್ಟು ಕತ್ತೆತ್ತಿ ಗೆರೆ ನೋಡಿದರು. ಒಂದು ಕೆಂಪು ಹನಿ ಜಾರಿ ಅವರ ಪಾದದ ಬಳಿ ಬಿತ್ತು.

"ಪ್ರವಾಹ ಇನ್ನೂ ಒಣಗಿಲ್ವಲ್ಲ?"

"ಮಾಸಿಹೋಗಿತ್ತು ಮೇಡಂ, ಅದಕ್ಕೇ ಮೇಲೊಂದು ಕೈ ಎಳೆದ್ವಿ," ಎಂದರು ಮೇಷ್ಟ್ರು ಹಲ್ಲು ಕಿರಿಯುತ್ತಾ.

"ಹಾಗಾದ್ರೆ ಕಷ್ಟ," ಎಂದರು ಮೇಡಂ. "ಆಳುದ್ದಕ್ಕಿಂತ ಹೆಚ್ಚು ನೀರು ಬಂದ ಜಾಗ ನದಿಗೇ ಸೇರಿದ್ದು ಅನ್ನುತ್ತೆ ಹೊಸ ಕಾಯ್ದೆ. ಅಲ್ಲಿ ಗೋಡೆ ಕಟ್ಟೋ ಹಾಗಿಲ್ಲ. ಮನೆಗಳನ್ನೆಲ್ಲ ತೆರವು ಮಾಡಿಸಿ ನಿಮ್ಮನ್ನ ಬೇರೆ ಕಡೆ ಕಳಿಸ್ಬೇಕಾಗುತ್ತೆ."

ಔಷಧಿ ಅಂಗಡಿಯವನ ಕೈಯಿಂದ ಬಣ್ಣದ ಡಬ್ಬಿ ಬಿತ್ತು. ಎದುರು ಜಗಲಿಯ ಮೇಲೆ ಅಜ್ಜಿ "ಮನೆ ತೆರವು" ಎಂಬ ಮಾತು ಕೇಳಿ ತಟ್ಟನೆ ಎದ್ದು ನಿಂತಳು.

"ಮತ್ತೆ ಗೋಡೆ ಯಾರಿಗೆ ಮೇಡಂ?" ಎಂದು ಮೇಷ್ಟ್ರು ತೊದಲಿದರು.

"ಸೊಂಟದಿಂದ ಮೇಲೆ, ಆಳುದ್ದದ ಒಳಗೆ ನೀರು ಬಂದವರಿಗೆ. ಸೊಂಟಕ್ಕಿಂತ ಕೆಳಗಿದ್ರೆ ಏನೂ ಇಲ್ಲ."

ಎಲ್ಲರ ಕಣ್ಣೂ ದರ್ಜಿಯ ಮೇಲೆ ಬಿತ್ತು. ಆ ಕ್ಷಣ ಅವನಿಗೆ ಬೆಳಕು ಹರಿದಂತಾಯಿತು. ತನ್ನ ಕಥೆಯೇ ಬೀದಿಯನ್ನು ಉಳಿಸಬಲ್ಲ ಕಥೆ! ಮುಂದೆ ಬಂದು ಕೈಮುಗಿದ.

"ಕ್ಷಮಿಸ್ಬೇಕು ಮೇಡಂ. ಗೆರೆ ಅಳಿಸಿದ್ದು ನಾನೇ. ಮೇಲೆ ಎಳೆದದ್ದೂ ನಾನೇ, ನಾಚಿಕೆಯಾಗುತ್ತೆ. ನಿಜವಾಗಿ ನೀರು ಬಂದಿದ್ದು ನನ್ನ ಕುತ್ತಿಗೆವರೆಗೆ. ಆ ನೀರಲ್ಲಿ ಎದುರುಮನೆ ಅಜ್ಜೀನ ಬೆನ್ನ ಮೇಲೆ ಹೊತ್ತು ದಾಟಿಸಿದೀನಿ."

"ಹೌದು, ಹೌದು!" ಎಂದು ಇಡೀ ಬೀದಿ ತಲೆಯಾಡಿಸಿತು.

ಮೇಡಂ ಮುಖ ಸಡಿಲವಾಯಿತು. "ಕುತ್ತಿಗೆಮಟ್ಟ ಅಂದ್ರೆ ಗೋಡೆ ಕೊಡಬಹುದು. ಕಂಡವರು ಯಾರಾದ್ರೂ ಇದಾರಾ?"

"ಅಜ್ಜಿನೇ ಇದಾರಲ್ಲ!" ಎಂದು ಹತ್ತು ಕೈ ಒಟ್ಟಿಗೆ ಅತ್ತ ತೋರಿಸಿದವು.

ಅಜ್ಜಿ ಅಷ್ಟರಲ್ಲಾಗಲೇ ಬೀದಿ ದಾಟಿ ಬರುತ್ತಿದ್ದಳು. ಸೊಂಟ, ಆಳುದ್ದ ಎಂಬ ಲೆಕ್ಕ ಯಾವುದೂ ಅವಳ ಕಿವಿಗೆ ಬಿದ್ದಿರಲಿಲ್ಲ. ಮನೆ ಹೋಗುತ್ತದೆ ಎಂಬುದೊಂದೇ ಬಿದ್ದಿತ್ತು. ಬಂದವಳೇ ಮೇಡಂ ಕೈ ಹಿಡಿದುಕೊಂಡಳು.

"ನಮ್ಮ ಮನೆ ಬಿಡಿಸ್ಬೇಡ ತಾಯಿ. ಇವರು ಹೇಳೋದು ಯಾವುದೂ ನಿಜ ಅಲ್ಲ. ಬಂದಿದ್ದು ಮೊಣಕಾಲುದ್ದ ನೀರು, ಅಷ್ಟೇ."

"ಅಜ್ಜೀ..." ಎಂದ ದರ್ಜಿ.

"ನೀನು ಸುಮ್ನಿರೋ. ಪಾಪ, ಹೆಂಡತಿ ಎದುರು ಮರ್ಯಾದೆ ಹೋಗುತ್ತೆ ಅಂತ ಇಷ್ಟು ದಿನ ನಾನೂ ಬಾಯಿ ಬಿಟ್ಟಿರ್ಲಿಲ್ಲ. ಮನೆ ಹೋಗೋ ಹೊತ್ತಲ್ಲಿ ಎಂಥಾ ಮರ್ಯಾದೆ? ಇವನು ನನ್ನ ಹೊತ್ತಿದ್ದಲ್ಲ ತಾಯಿ, ನಾನು ಇವನನ್ನ ಹೊತ್ತಿದ್ದು! ನೀರು ಕಂಡು ಹೊಲಿಗೆ ಮೆಷಿನ್ ಮೇಜು ಹತ್ತಿ ನಿಂತು, ಗೊಳೋ ಅಂತ ಅಳ್ತಿದ್ದ. ಎಷ್ಟು ಕರೆದ್ರೂ ಕಾಲು ಕೆಳಗಿಡಲಿಲ್ಲ. ಕೊನೆಗೆ ಕೂಸುಮರಿ ಮಾಡ್ಕೊಂಡು ಗುಡ್ಡದ ಬುಡದವರೆಗೆ ಹೊತ್ಕೊಂಡ್ ಹೋದೆ."

ಯಾರೂ ನಗಲಿಲ್ಲ. ನಕ್ಕಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು. ಭೂಮಿ ಬಾಯಿಬಿಡಬಾರದೇ ಎಂದು ದರ್ಜಿ ಕಾಲ ಕೆಳಗೆ ನೋಡಿದ. ಅಲ್ಲಿ ಕೆಂಪು ಬಣ್ಣ ಚೆಲ್ಲಿತ್ತು.

ಮೇಡಂ ಕೆಮ್ಮಿ, ಕರವಸ್ತ್ರದಿಂದ ಬಾಯಿ ಒರೆಸಿಕೊಂಡರು. "ವಯಸ್ಸಾದ ಹೆಂಗಸು ಗಂಡಸೊಬ್ಬನನ್ನ ಕೂಸುಮರಿ ಹೊತ್ತು ದಾಟಬಹುದಾದಷ್ಟು ನೀರು," ಎಂದು ಗಟ್ಟಿಯಾಗಿ ಹೇಳಿಕೊಳ್ಳುತ್ತಾ ಬರೆದುಕೊಂಡರು. "ಕಾಯ್ದೆ ಪ್ರಕಾರ ಇದು ಪ್ರವಾಹವೇ ಅಲ್ಲ. ನಿಮ್ಮನ್ನ ಯಾರೂ ಎಬ್ಬಿಸಲ್ಲ ಅಜ್ಜಿ. ಗೋಡೆನೂ ಬರಲ್ಲ."

ಜೀಪು ಹೋಯಿತು. ಮೇಷ್ಟ್ರು ಪತ್ರಿಕೆ ಮಡಚಿ ಕಂಕುಳಲ್ಲಿಟ್ಟುಕೊಂಡು ಮನೆಗೆ ನಡೆದರು. ಔಷಧಿ ಅಂಗಡಿಯವನು ಬಣ್ಣದ ಡಬ್ಬಿ ಎತ್ತಿಕೊಂಡ. ಹೆಂಡತಿ ಗಂಡನನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿ, "ಮೇಜಿನ ಮೇಲೆ ಹತ್ತಿ ನಿಂತಿದ್ರಾ?" ಎಂದಷ್ಟೇ ಕೇಳಿ ಒಳಗೆ ಹೋದಳು. ಇನ್ನು ಮುಂದೆ ಪ್ರತಿ ಮಳೆಗಾಲದಲ್ಲೂ ಹಾಸಿಗೆ ಸುತ್ತುವಾಗ ಈ ಬೀದಿ ತನ್ನನ್ನು ನೆನೆಯುತ್ತದೆ ಎಂದುಕೊಂಡ ದರ್ಜಿ ಮೆಟ್ಟಿಲ ಮೇಲೆ ಕುಸಿದು, ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ನಾಚಿಕೆಗೆ ಅಳುವೇ ಬಂತು.

ಅಜ್ಜಿ ಪಕ್ಕದಲ್ಲಿ ಕೂತು ಬೆನ್ನು ಸವರಿದಳು.

"ಯಾಕೋ ಅಳ್ತೀಯ? ಮನೆ ಉಳೀತಲ್ಲ. ಗೋಡೆ ಇಲ್ದಿದ್ರೆ ಹೋಗ್ಲಿ ಬಿಡು, ನೀರು ಬಂದ್ರೆ ನಾನಿಲ್ವಾ?" ಎಂದವಳು, ಅವನ ಹೊಟ್ಟೆಯ ಕಡೆ ನೋಡಿ ಸ್ವಲ್ಪ ಯೋಚಿಸಿದಳು. "ಆದ್ರೆ ನಂಗೀಗ ಮೊದಲಿನ ಶಕ್ತಿ ಇಲ್ಲಪ್ಪ. ಮಳೆಗಾಲ ಬರೋದ್ರೊಳಗೆ ಊಟ ಒಂಚೂರು ಕಡಿಮೆ ಮಾಡ್ಕೋ."