ಒಂದು ಸಾಲು ತೊಗರಿ

ಸರ್ಕಾರ ಕರೆದು ಕೊಡುವ ದುಡ್ಡನ್ನು ಬೇಡವೆಂದು ಎದ್ದು ಬಂದವರನ್ನು ನೀವು ನೋಡಿದ್ದೀರಾ? ನಾನು ನೋಡಿದ್ದೇನೆ. ನೋಡಿದ್ದಷ್ಟೇ ಅಲ್ಲ, ನನ್ನ ಬೈಕಿನ ಮೇಲೆ ಕೂರಿಸಿಕೊಂಡು ಹೋಗಿ, ಕೂರಿಸಿಕೊಂಡು ಬಂದಿದ್ದೇನೆ. ಪೆಟ್ರೋಲೂ ನನ್ನದೇ! ಆತ ನಮ್ಮ ಅವ್ವನ ಅಣ್ಣ, ನನ್ನ ಸೋದರಮಾವ.

ಚಿಕ್ಕೇರೂರಿನ ಹತ್ತಿರ ಅವನ ಹೊಲ. ಮಾವನ ಕಟ್ಟಳೆಗಳು ಒಂದೆರಡಲ್ಲ. ತೆನೆ ಹಿಡಿದ ಹೊಲ ಬಸುರಿ ಇದ್ದ ಹಾಗೆ, ಅದರೊಳಗೆ ಯಾರೂ ಚಪ್ಪಲಿ ಮೆಟ್ಟಿ ಕಾಲಿಡಬಾರದು ಎಂಬುದು ಅದರಲ್ಲೊಂದು. ಕೊರೊನಾಕ್ಕೆ ಹಿಂದಿನ ಮುಂಗಾರಿನಲ್ಲಿ ಬೆಳೆ ಸಮೀಕ್ಷೆಗೆಂದು ಮೊಬೈಲು ಹಿಡಿದು ಬಂದಾತ ಬೂಟು ಹಾಕಿದ್ದ.

“ಬೂಟು ಬಿಚ್ಚಿ ಬರ್ರಿ,” ಎಂದ ಮಾವ.

“ಮುಳ್ಳು ಚುಚ್ಚತಾವ್ರಿ.”

“ಹಂಗಾರ ಬದುವಿನ ಮ್ಯಾಲೆ ನಿಂದರ್ರಿ.”

ಅವನು ಬದುವಿನ ಮೇಲೆಯೇ ನಿಂತು ಫೋಟೊ ಹೊಡೆದುಕೊಂಡು ಹೋದ. ಹೊಲದ ತುಂಬ ಗೋವಿನಜೋಳ. ಬದುವಿನ ಪಕ್ಕದಲ್ಲಿ ಮಾತ್ರ ದೊಡ್ಡ ಬೆಳೆಯ ಜೊತೆ ಬಿತ್ತುವ ಅಕ್ಕಡಿ ಸಾಲು ಒಂದೇ ಒಂದು, ತೊಗರಿಯದು. ಫೋಟೊದಲ್ಲಿ ಬಿದ್ದದ್ದು ಅದೇ. ಸರ್ಕಾರದ ದಫ್ತರದಲ್ಲಿ ಮಾವ ತೊಗರಿ ಬೆಳೆಗಾರನಾಗಿಬಿಟ್ಟ!

ಆಮೇಲೆ ಲಾಕ್‌ಡೌನ್ ಬಂತು. ಗೋವಿನಜೋಳವನ್ನು ಕೇಳುವವರೇ ಇಲ್ಲ. ಬೆಳೆದವರಿಗೆ ಐದು ಸಾವಿರ ಪರಿಹಾರ ಎಂದು ಸರ್ಕಾರ ಸಾರಿತು. ಊರವರ ಹೆಸರೆಲ್ಲ ಪಟ್ಟಿಯಲ್ಲಿತ್ತು, ಮಾವನದಿಲ್ಲ. ಬಿತ್ತನೆ ಹತ್ತಿರ ಬಂದಿತ್ತು, ಬೀಜ ಕೊಳ್ಳಲು ಅವನ ಕೈಯಲ್ಲಿ ಕಾಸಿರಲಿಲ್ಲ. ಹಾನಗಲ್ಲಿನ ನಮ್ಮ ಮನೆಯಿಂದ ನಾನು ಓಡಿಹೋಗಿ ಮಾವನನ್ನು ಬೈಕಿಗೆ ಹತ್ತಿಸಿಕೊಂಡೆ.

ಕೃಷಿ ಕಚೇರಿಯ ಮುಂದೆ ಜನವೋ ಜನ. ಮಾವ ಎತ್ತು ಹೊಡೆಯುವ ಬಾರುಕೋಲನ್ನೇ ಹಿಡಿದು ಬಂದಿದ್ದ. ಯಾರು ಹತ್ತಿರ ಬಂದರೂ ಅದನ್ನು ಮುಂದೆ ಚಾಚಿ, “ಇದರ ತುದಿಗೆ ನಿಂದರ್ರಿ, ಸರ್ಕಾರದ ಹುಕುಂ ಐತಿ,” ಎನ್ನುತ್ತಿದ್ದ. ಕಿಟಕಿಯೊಳಗಿನ ಸಾಹೇಬರ ಕಡೆಗೂ ಚಾಚಿದ. ಪಾಪ, ಅವರು ತಾವಾಗಿಯೇ ಕುರ್ಚಿ ಹಿಂದಕ್ಕೆ ಸರಿಸಿಕೊಂಡರು.

ಆದರೂ ಒಳ್ಳೆಯ ಮನುಷ್ಯ. ದಾರಿ ತೋರಿಸಿದರು.

“ಹೊಲದಾಗ ತೊಗರಿ ಇರಲಿಲ್ಲ, ಬರೇ ಗೋವಿನಜೋಳ ಇತ್ತು ಅಂತ ಬರದು ಸಹಿ ಮಾಡ್ರಿ ಯಜಮಾನ್ರ. ಸಾಕು.”

“ತೊಗರಿ ಇತ್ತಲ್ರಿ.”

“ಒಂದ ಸಾಲಲ್ರೀ. ಯಾರು ಕೇಳ್ತಾರ?”

“ಯಾರೂ ಕೇಳೂದಿಲ್ರಿ. ಅದಕ್ಕ ನನ್ನ ಕಡಿಂದ ಆಗೂದಿಲ್ಲ,” ಎಂದು ಮಾವ ಪೆನ್ನು ಕೆಳಗಿಟ್ಟ.

ನನಗೆ ತಲೆ ಕೆಟ್ಟುಹೋಯಿತು. ದಾರಿಯುದ್ದಕ್ಕೂ ಬೈದೆ. “ಒಂದು ಸಾಲು ತೊಗರಿ ಸಲುವಾಗಿ ಬೀಜದ ರೊಕ್ಕ ಬಿಟ್ಟು ಬಂದೆಲ್ಲ ಮಾಮಾ, ಏನಾಗೇತಿ ನಿನಗ?”

ಮಾವ ಹಿಂದಿನ ಸೀಟಿನಿಂದ ನನ್ನ ಕಿವಿಯ ಹತ್ತಿರ ಬಾಗಿದ. ಮೆಲ್ಲಗೆ ಹೇಳಿದ:

“ಆ ಸಾಲು ನಿಮ್ಮವ್ವಂದು ತಮ್ಮಾ. ಹೊಲಾ ನನ್ನ ಹೆಸರಿಗೆ ಆಗಬೇಕಾದಾಗ ಆಕಿ, ‘ನನಗ ಪಾಲು ಬ್ಯಾಡ’ ಅಂತ ಸಹಿ ಮಾಡಿಕೊಟ್ಲು. ಯಾಕ, ಏನು ಅಂತ ಒಂದ ಮಾತು ಕೇಳ್ಲಿಲ್ಲ. ಅವತ್ತಿಂದ ಬದುವಿನ ಸಾಲು ಆಕಿದು ಅಂತ ಬಿತ್ತಾಕತ್ತೇನಿ. ಈಗ ಅದೂ ಇರಲಿಲ್ಲಂತ ನಾ ಸಹಿ ಮಾಡ್ಲೇನು?”

ಪ್ರತಿ ವರ್ಷ ನಮ್ಮ ಮನೆಗೆ ಅವನು ತಪ್ಪದೆ ತೊಗರಿ ತಂದು ಸುರಿಯುತ್ತಿದ್ದದ್ದನ್ನು ಅವನ ಹುಚ್ಚುಗಳಲ್ಲಿ ಒಂದು ಎಂದುಕೊಂಡಿದ್ದವನು ನಾನು. ನನಗೆ ನಾಚಿಕೆಯಾಯಿತು.

ಹಾನಗಲ್ಲಿಗೆ ಬಂದು ಅವ್ವನಿಗೆ ಎಲ್ಲ ಹೇಳಿದೆ. ಆ ಸಾಲಿನ ವಿಷಯ ಅವಳಿಗೂ ಗೊತ್ತಿರಲಿಲ್ಲ. ಬಹಳ ಹೊತ್ತು ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತ ಕೂತಳು.

“ಬೀಜದ ರೊಕ್ಕ ನಾ ಕೊಡ್ತೇನಿ ಅಂತ ಹೇಳು ಅಣ್ಣಗ,” ಎಂದಳು ಕೊನೆಗೆ. “ಅಲ್ಲಿ ನಂದೂ ಹೊಲಾ ಐತಿ.”