ನನ್ನ ರೇನ್‌ಕೋಟಿನ ತೋಳು ಮತ್ತು ಭಾವನ ಬೆಂಡು

ನನ್ನ ಭಾವನಷ್ಟು ಗಾಳಿ ತುಂಬಿದ ಮನುಷ್ಯ ಇಡೀ ಪುಣೆಯಲ್ಲಿ ಇನ್ನೊಬ್ಬರಿರಲಿಕ್ಕಿಲ್ಲ. ತಪ್ಪು ತಿಳಿಯಬೇಡಿ, ಮಾತಿನ ಗಾಳಿಯಲ್ಲ! (ಅದರಲ್ಲೂ ಅವರೇನು ಕಡಿಮೆ ಇರಲಿಲ್ಲ, ಆ ಮಾತು ಬೇರೆ.) ಶಿವಾಜಿನಗರದ ಗಲ್ಲಿಯೊಂದರಲ್ಲಿ ಕಂಪ್ರೆಸರ್ ರಿಪೇರಿ ಮಾಡುವ ವರ್ಕ್‌ಶಾಪಿನಲ್ಲಿ ಅವರು ಫಿಟ್ಟರ್. ಹುಟ್ಟಿದ್ದು ಕಲಬುರ್ಗಿ ಕಡೆ, ಬೇಸಿಗೆ ಬಂತೆಂದರೆ ಕುಡಿಯುವ ನೀರಿಗೆ ಎರಡು ಮೈಲಿ ನಡೆಯುವ ಊರಿನಲ್ಲಿ. ಅಂಥವರಿಗೆ ನಲವತ್ತರ ಹತ್ತಿರ ನೀರಿನ ತಳ ನೋಡುವ ಹುಚ್ಚು ಹಿಡಿಯಿತೆಂದರೆ ನೀವು ನಂಬುತ್ತೀರಾ?

ಆಗ ಎಪ್ಪತ್ತರ ದಶಕದ ಕೊನೆ. ನಾನು ಹೊಸದಾಗಿ ಗುಮಾಸ್ತನಾಗಿ ಸೇರಿ ಅಕ್ಕನ ಮನೆಯಲ್ಲೇ ಇದ್ದೆ. ಒಂದು ದಿನ ಸೈನ್ಯದಿಂದ ನಿವೃತ್ತರಾದ ಮೇಜರ್ ಸಾಹೇಬರೊಬ್ಬರು ತಮ್ಮ ಕಂಪ್ರೆಸರನ್ನು ಭಾವನ ಕೈಗೆ ಕೊಟ್ಟರು. ಇಷ್ಟು ಒತ್ತಡದ ಗಾಳಿ ಯಾತಕ್ಕೆ ಎಂದು ಕೇಳಿದರೆ, ಸಿಲಿಂಡರಿಗೆ ತುಂಬಿ, ಬೆನ್ನಿಗೆ ಕಟ್ಟಿಕೊಂಡು, ನೀರೊಳಗೆ ಉಸಿರಾಡಲಿಕ್ಕೆ ಎಂದರಂತೆ. ಭಾವ ಸಂಜೆ ಮನೆಗೆ ಬಂದವರೇ ಸಾರಿದರು: "ಇಷ್ಟ ವರ್ಷ ಮಂದಿಗೆ ಗಾಳಿ ತುಂಬಿ ಕೊಟ್ಟೆ. ಇನ್ನ ನಾ ತುಂಬಿದ್ದು ನಾನ ಕುಡದು ನೋಡಾಂವ!"

"ಮದಲ ಊಟಕ್ಕ ಬರ್ರಿ, ಗಾಳಿ ಆಮ್ಯಾಲ ಕುಡಿಯೂರಂತ," ಎಂದಳು ಅಕ್ಕ.

ನಗಬೇಡಿ, ಭಾವ ಕಲಿತೇ ಕಲಿತರು. ಪ್ರತಿ ಭಾನುವಾರ ಮೇಜರ್ ಸಾಹೇಬರ ಜೊತೆ ಊರಾಚೆಯ ಜಲಾಶಯಕ್ಕೆ ಹೋಗಿ ಮುಳುಗಿ ಬರುತ್ತಿದ್ದರು. ತಳದಲ್ಲಿ ಏನಿತ್ತು ಎಂದು ಕೇಳಿದರೆ ಒಂದೇ ಉತ್ತರ: "ಕೆಸರು. ಆದ್ರ ಭಾಳ ಶಾಂತ ಕೆಸರು!"

ವರ್ಷ ಕಳೆದ ಮೇಲೆ ಸಾಹೇಬರು ಹೊಸ ಪಾಠ ಹೇಳಿದರು. ಮುಳುಗಿದವನು ಎಲ್ಲಿದ್ದಾನೆಂದು ಮೇಲಿನವರಿಗೆ ತಿಳಿಯುವುದು ಹೇಗೆ? ಅವನು ಏಳುವ ಮೊದಲು ಕೆಳಗಿನಿಂದಲೇ ಬಣ್ಣದ ಚೀಲವೊಂದಕ್ಕೆ ಗಾಳಿ ಹಿಡಿಸಿ, ದಾರ ಕಟ್ಟಿ ಮೇಲಕ್ಕೆ ಬಿಡಬೇಕು. ಅದು ನೀರ ಮೇಲೆ ನೆಟ್ಟಗೆ ನಿಂತರೆ ದೋಣಿಯವರು ದೂರ ಸರಿಯುತ್ತಾರೆ. ಹಳ್ಳಿಯ ಬಾವಿಯಲ್ಲಿ ಸೊಂಟಕ್ಕೆ ಬೆಂಡು ಕಟ್ಟಿಕೊಂಡು ಈಜು ಕಲಿತಿದ್ದ ಭಾವ ಅದಕ್ಕೂ ಬೆಂಡು ಎಂದೇ ಹೆಸರಿಟ್ಟರು. ಅಂಥದ್ದು ಆಗ ಪುಣೆಯ ಯಾವ ಅಂಗಡಿಯಲ್ಲಿ ಸಿಗಬೇಕು? ಮನೆಯಲ್ಲೇ ತಯಾರಿ ಶುರುವಾಯಿತು.

ಗಾಳಿಪಟದ ಅಂಗಡಿಯಿಂದ ಕಟ್ಟಿಗೆಯ ಚಕ್ರಿ ಬಂತು. ಅದಕ್ಕೆ ನೈಲಾನ್ ದಾರ ಸುತ್ತಿದ್ದಾಯಿತು. ಇನ್ನು ಚೀಲ? ಜೂನ್ ತಿಂಗಳ ಒಂದು ಬೆಳಿಗ್ಗೆ ನಾನು ಆಫೀಸಿಗೆ ಹೊರಟು ನನ್ನ ಹೊಸ ಹಳದಿ ರೇನ್‌ಕೋಟು ಹಾಕಿಕೊಂಡರೆ, ಬಲಗೈ ತೋಳಿನೊಳಗೆ ಹೋಯಿತು, ಎಡಗೈ ಸೀದಾ ಹೊರಗೆ ಬಂತು! ತೋಳೇ ಇಲ್ಲ!

"ಭಾವಾ, ಏನ್ರೀ ಇದು?"

"ತಮ್ಮಾ, ನೀ ಫೈಲು ಹಿಡಿಯೂದು ಯಾವ ಕೈಯಾಗ?"

"ಬಲಗೈಯಾಗ."

"ಮತ್ತ? ಎಡಗೈ ತೋಯ್ದರ ಫೈಲಿಗೇನು ತ್ರಾಸು?"

ತೋಳಿನ ಒಂದು ಬಾಯಿಯನ್ನು ಮಡಚಿ ಹೊಲಿದು, ಹೊಲಿಗೆಯ ಮೇಲೆ ಸೈಕಲ್ ಟ್ಯೂಬಿನ ಪಟ್ಟಿ ಅಂಟಿಸಿ, ತೆರೆದೇ ಬಿಟ್ಟ ಇನ್ನೊಂದು ಬಾಯಿಗೆ ಸೀಸದ ಗುಂಡು ಮತ್ತು ದಾರ ಕಟ್ಟಿದ್ದರು. ಆ ಮಳೆಗಾಲವಿಡೀ ನಾನು ಒಂದು ತೋಳಿನ ಗುಮಾಸ್ತನೆಂದು ಪ್ರಸಿದ್ಧನಾದೆ.

ಮೊದಲ ಪರೀಕ್ಷೆ ನಡೆದದ್ದು, ಮಳೆ ಬಿಟ್ಟು ಬಿಸಿಲು ಬಿದ್ದ ಒಂದು ದಿನ, ಹತ್ತಾರು ಸಂಸಾರಗಳ ನಮ್ಮ ವಾಡೆಯ ಅಂಗಳದ ನೀರಿನ ತೊಟ್ಟಿಯಲ್ಲಿ. ಭಾವ ಎದೆಮಟ್ಟದ ನೀರಿನಲ್ಲಿ ನಿಂತು, ಚೀಲವನ್ನು ತಳಕ್ಕೆ ಒತ್ತಿ ಹಿಡಿದು, ಮೂಗು ಮುಚ್ಚಿ ಮುಳುಗಿ, ಬಾಯಿಂದ ಗಾಳಿ ಊದಿ ಬಿಟ್ಟರು. ಚೀಲ ಬಾಣದ ಹಾಗೆ ಮೇಲೆ ಚಿಮ್ಮಿತು. ಅದರ ಜೊತೆ ಎರಡು ಬಕೆಟ್ ನೀರೂ ಚಿಮ್ಮಿ ಪಕ್ಕದ ಮನೆಯ ಆಜಿ ಒಣಗಲಿಟ್ಟಿದ್ದ ಹಪ್ಪಳದ ಮೇಲೆ ಬಿತ್ತು. ಆಜಿ ಮರಾಠಿಯಲ್ಲಿ ಅಂದದ್ದನ್ನು ಇಲ್ಲಿ ಬರೆಯುವಂತಿಲ್ಲ. ಭಾವ ಮಾತ್ರ ತೊಟ್ಟಿಯಿಂದಲೇ ಕೈ ಮುಗಿದು, "ನಿಂತದ ನೋಡ್ರಿ ಆಜಿ, ನೆಟ್ಟಗ ನಿಂತದ!" ಎಂದು ಅಪ್ಪಟ ಕನ್ನಡದಲ್ಲಿ ಸಂಭ್ರಮಿಸಿದರು.

ಜಲಾಶಯದ ಕಥೆ ಅಷ್ಟು ಸುಲಭವಾಗಲಿಲ್ಲ. ಮೊದಲ ಸಲ ಬೆಂಡಿನ ಹಿಂದೆ ಚಕ್ರಿಯೂ ತೇಲಿ ಬಂತು. ಎರಡನೆಯ ಸಲ ದಾರ ಚಕ್ರಿಗೆ ಸಿಕ್ಕಿಕೊಂಡು, ಬೆಂಡು ಭಾವನನ್ನೇ ಎಳೆದುಕೊಂಡು ಬಂತು! ದಡದಲ್ಲಿದ್ದ ನಾನು ಚಪ್ಪಾಳೆ ಹೊಡೆದೆ. ಮೇಜರ್ ಸಾಹೇಬರ ಮುಖ ಕೆಂಪಾಗಿತ್ತು. "ಛೋಡ್ ದೋ! ಸಿಕ್ಕಿಕೊಂಡರೆ ಚಕ್ರಿ ಛೋಡ್ ದೋ, ಬಿಟ್ಟುಬಿಡು!" ಎಂದು ಕಿರುಚಿದರು. ಉಸಿರು ಬಿಗಿಹಿಡಿದು ಹಾಗೆ ಸರ್ರನೆ ಮೇಲೆ ಬಂದರೆ ಎದೆಯೊಳಗಿನ ಗಾಳಿ ಹಿಗ್ಗಿ ಶ್ವಾಸಕೋಶವೇ ಹರಿಯಬಹುದೆಂದು ಆಮೇಲೆ ಹೇಳಿದಾಗ ನನ್ನ ಚಪ್ಪಾಳೆಯ ಬಗ್ಗೆ ನನಗೇ ನಾಚಿಕೆಯಾಯಿತು. ಭಾವ ಒಂದು ತಿಂಗಳು ವರ್ಕ್‌ಶಾಪಿನಿಂದ ಬಂದು ಕಣ್ಣು ಮುಚ್ಚಿ ಚಕ್ರಿ ಸಡಿಲಿಸುವುದನ್ನೇ ಅಭ್ಯಾಸ ಮಾಡಿದರು. ದಾರದ ಇನ್ನೊಂದು ತುದಿ ಹಿಡಿದು ಅಂಗಳದ ತುಂಬ ಓಡುವ ಬೆಂಡು ನಾನೇ ಆಗಿದ್ದೆ.

ದಸರೆ ಮುಗಿದ ಮೇಲಿನ ಒಂದು ಭಾನುವಾರ ಅಕ್ಕನೂ ಬಂದಳು. ಅಲ್ಲಿಯವರೆಗೆ ಅವಳು ಒಮ್ಮೆಯೂ ಬಂದಿರಲಿಲ್ಲ. "ನೀರಾಗ ಮುಳುಗೂದು ಏನ್ ನೋಡೂದದ? ಬಾಂಡೆ ತೊಳಿಯುವಾಗ ದಿನಾ ನೋಡ್ತೀನಿ," ಎನ್ನುತ್ತಿದ್ದಳು. ಅಂದು ಚಪಾತಿ, ಶೇಂಗಾ ಚಟ್ನಿ ಕಟ್ಟಿಕೊಂಡು ಬಂದು ದಡದ ಕಲ್ಲಿನ ಮೇಲೆ ಕೂತಳು. ಭಾವ ಮತ್ತು ಸಾಹೇಬರು ಮುಳುಗಿದರು. ಅರ್ಧ ತಾಸಿಗೆ ಬರುತ್ತೇವೆ ಎಂದಿದ್ದರು.

ಸ್ವಲ್ಪ ಹೊತ್ತಿನಲ್ಲೇ ಗಾಳಿ ಎದ್ದಿತು. ಅಲೆಗಳಲ್ಲಿ ಅವರ ಉಸಿರಿನ ಗುಳ್ಳೆಗಳು ಕಾಣದಾದವು. ಅಷ್ಟರಲ್ಲಿ ಆಚೆ ದಡದ ಹಳ್ಳಿಯಿಂದ ಜನರನ್ನು ತುಂಬಿಕೊಂಡು ಒಂದು ಲಾಂಚು ಹೊರಟಿತು. ಅದು ಬರುತ್ತಿದ್ದದ್ದು ನೇರವಾಗಿ ಅವರು ಮುಳುಗಿದ್ದ ಕಡೆಗೇ. ನಾನು ಟವೆಲ್ ಬೀಸಿದೆ, ಕೂಗಿದೆ. ಎಂಜಿನ್ನಿನ ಸದ್ದಿನಲ್ಲಿ ಯಾರಿಗೆ ಕೇಳಬೇಕು?

ಅಕ್ಕ ಎದ್ದು ನಿಂತಳು. ಸೀರೆ ಉಟ್ಟಂತೆಯೇ ಮೊಣಕಾಲ ತನಕ ನೀರಿಗಿಳಿದಳು. ಎರಡೂ ಕೈ ಬಾಯಿಗೆ ಹಿಡಿದು ಕೂಗಿದಳು. "ರೀ" ಎಂದಲ್ಲ. ಭಾವನ ಹೆಸರು ಹಿಡಿದು ಕೂಗಿದಳು! ಮದುವೆಯಾಗಿ ಹನ್ನೊಂದು ವರ್ಷ. ರೇಶನ್ ಕಾರ್ಡಿನವನು ಕೇಳಿದಾಗಲೂ ಗಂಡನ ಹೆಸರು ಬಾಯಲ್ಲಿ ತಾರದೆ, ನೀನೇ ಹೇಳು ಎಂದು ನನ್ನತ್ತ ಕೈ ತೋರಿಸಿದವಳು ಅವಳು. ಒಮ್ಮೆಯಲ್ಲ, ಮೂರು ಸಲ ಕೂಗಿದಳು. ಮೂರನೆಯ ಸಲ ದನಿ ಒಡೆಯಿತು.

ಆಗ ಲಾಂಚಿನ ಮುಂದೆ ಹಳದಿ ತೋಳೊಂದು ನೀರಿನಿಂದ ಎದ್ದು ನಿಂತಿತು, ಯಾರೋ ಕೈಯೆತ್ತಿ ತಡೆದ ಹಾಗೆ. ಲಾಂಚಿನವನು ಕಂಡ. ಎಂಜಿನ್ ತಗ್ಗಿಸಿ ದೂರಕ್ಕೆ ಹೊರಳಿಸಿದ. ಎರಡು ನಿಮಿಷದ ಮೇಲೆ ಬೆಂಡಿನ ಪಕ್ಕದಲ್ಲೇ ಎರಡು ತಲೆಗಳು ಮೇಲೆ ಬಂದವು.

ದಡಕ್ಕೆ ಬಂದ ಭಾವ, "ನೋಡಿದ್ರೇನು? ನೆಟ್ಟಗ ನಿಂತಿತ್ತಿಲ್ಲೋ?" ಎಂದು ಹಿಗ್ಗಿದರು. ಅಕ್ಕ ಸೀರೆಯ ಅಂಚು ಹಿಂಡಿಕೊಂಡು, ಚಪಾತಿ ಬಡಿಸಿದಳು. ಅಷ್ಟೆ.

ತಿರುಗಿ ಬರುವಾಗ ಬಸ್ಸಿನಲ್ಲಿ ಅಕ್ಕ ಮುಂದೆ ಹೆಂಗಸರ ಸೀಟಿನಲ್ಲಿದ್ದಳು, ನಾವಿಬ್ಬರು ಹಿಂದೆ.

"ಅಕಿ ಭಾಳ ಸುಮ್ಮನಾಗ್ಯಾಳ," ಎಂದರು ಭಾವ. "ನಾ ಕೆಳಗಿದ್ದಾಗ ಏನರ ಅಂದ್ಲೇನು?"

ಹೇಳಿದೆ.

ಅವರಿಗೆ ನಂಬಿಕೆ ಬರಲಿಲ್ಲ. "ನನ್ನ ಹೆಸರು? ಅಕಿ?" ತೊಡೆಯ ಮೇಲಿದ್ದ ಚಕ್ರಿಯ ದಾರ ಬಿಚ್ಚಿದರು, ಮತ್ತೆ ಸುತ್ತಿದರು. ಮಾತಿಗೆ ಎಂದೂ ಬರ ಬಾರದ ಮನುಷ್ಯ! ಆಮೇಲೆ ನನ್ನ ಕಿವಿಯ ಹತ್ತಿರ ಬಾಗಿ, "ಹ್ಯಾಂಗ ಕರದ್ಲು? ಒಮ್ಮೆ ಅಂದು ತೋರ್ಸು," ಎಂದರು.

ಅಕ್ಕನ ದನಿ ನನಗೆಲ್ಲಿಂದ ಬರಬೇಕು? ಆದರೂ ಆದಷ್ಟು ಅವಳ ಹಾಗೆಯೇ, ಮೆಲ್ಲಗೆ, ಆ ಹೆಸರು ಹಿಡಿದು ಕರೆದೆ.

ಭಾವ ನನ್ನ ಕಡೆ ನೋಡಲಿಲ್ಲ. ನಾಲ್ಕು ಸೀಟು ಮುಂದೆ ತೂಕಡಿಸುತ್ತಿದ್ದ ಅಕ್ಕನ ಬೆನ್ನನ್ನೇ ನೋಡುತ್ತ, ಯಾರಿಗೂ ಕೇಳದಷ್ಟು ಸಣ್ಣಗೆ, "ಓ..." ಎಂದರು.