ಮೇಷ್ಟ್ರ ಕಾರಿನ ಹಳದಿ ದೀಪ

ದುರ್ಗಾಂಬಿಕಾ: ಕೆಂಪು ದೀಪ ಆಗಿದ್ರೆ ಮಾತು ಬೇರೆ. ಹಳದಿ ದೀಪಕ್ಕೆಲ್ಲ ಹೆದರಿ ಮನೇಲಿ ಕೂರಾಕೆ ಆಗ್ತೈತೇನ್ರಿ?

ಗುರುಬಸವರಾಜ್: ನೀನೇ ಬಂದು ನೋಡು. ಕಾರಿನ ಚಿತ್ರ, ಅದರ ಹಿಂದೆ ಎರಡು ಸೊಟ್ಟ ಗೆರೆ. ಕಾರು ಜಾರ್ತೈತೆ ಅಂತ ಅದರ ಅರ್ಥ.

ದುರ್ಗಾಂಬಿಕಾ: ನಿಂತಿರೋ ಕಾರು ಹೆಂಗೆ ಜಾರ್ತೈತೆ?

ಗುರುಬಸವರಾಜ್: ನಿಂತಾಗ ಜಾರಲ್ಲ ಕಣೆ. ಅದಕ್ಕೇ ನಿಂತಿರ್ಲಿ ಅಂತಿರೋದು.

(ಹೊನ್ನಾಳಿಯ ಒಂದು ಮನೆಯಂಗಳ, ಬೆಳಿಗ್ಗೆ ಏಳೂವರೆ. ಗುರುಬಸವರಾಜ್ ಹೋದ ವರ್ಷ ನಿವೃತ್ತರಾದ ಹೈಸ್ಕೂಲು ಡ್ರಿಲ್ ಮೇಷ್ಟ್ರು. ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಒಂದು ಕಾಲು ಕಾರಿನೊಳಗೆ, ಒಂದು ಕಾಲು ಹೊರಗೆ ಇಟ್ಟು ಕೂತಿದ್ದಾರೆ. ಹನ್ನೊಂದು ಗಂಟೆಗೆ ಜಗಳೂರಿನ ಶಾಲೆಯೊಂದರಲ್ಲಿ ರಸ್ತೆ ಸುರಕ್ಷತೆಯ ಬಗ್ಗೆ ಅವರ ಭಾಷಣ. ಅವರ ಹೆಂಡತಿ ದುರ್ಗಾಂಬಿಕಾ ರೇಷ್ಮೆ ಸೀರೆ ಉಟ್ಟು ಆಗಲೇ ಅರ್ಧ ಗಂಟೆಯಾಗಿದೆ.)

ದುರ್ಗಾಂಬಿಕಾ: ನಿಮ್ಮ ಕೈಕೆಳಗೆ ಕಲಿತ ಅನಿತಾ ಈಗ ಆ ಶಾಲೆಗೆ ಹೆಡ್‌ಮಿಸ್ಸು. ನಮ್ಮ ಮೇಷ್ಟ್ರು ಬರ್ತಾರೆ ಅಂತ ಮಕ್ಕಳಿಗೆಲ್ಲ ಸಾರಿಕೊಂಡು ಬಂದಾಳೆ. ಈಗ ಹೋಗಲ್ಲ ಅಂದ್ರೆ?

ಗುರುಬಸವರಾಜ್: ಗಾಡಿ ಕೆಟ್ಟೈತೆ ಅಂತ ಫೋನ್ ಮಾಡ್ತೀನಿ.

ದುರ್ಗಾಂಬಿಕಾ: ಬಸ್ಸೈತಲ್ಲ?

ಗುರುಬಸವರಾಜ್: ಬಸ್ಸಲ್ಲಿ ಅಂಗಿ ಮುದುಡ್ತೈತೆ.

ದುರ್ಗಾಂಬಿಕಾ: ಭಾಷಣ ಮಾಡೋದು ನೀವೋ, ನಿಮ್ಮ ಅಂಗಿಯೋ? ತಡೀರಿ, ಕೆಂಚೇಶನ್ನ ಕೇಳ್ತೀನಿ.

(ಕೆಂಚೇಶ್ ನ್ಯಾಮತಿಯ ಮೆಕ್ಯಾನಿಕ್. ದುರ್ಗಾಂಬಿಕಾ ಫೋನನ್ನು ಸ್ಪೀಕರಿಗೆ ಹಾಕಿ ಬಾನೆಟ್ ಮೇಲಿಟ್ಟು, ದೀಪದ ವರ್ಣನೆ ಮಾಡಿದರು.)

ಕೆಂಚೇಶ್: ಅದು ಸ್ಟೆಬಿಲಿಟಿ ಕಂಟ್ರೋಲ್ ಅಕ್ಕಾ. ಕಾರು ಜಾರದಂಗೆ ಹಿಡಿಯೋ ವ್ಯವಸ್ಥೆ. ಮೇಷ್ಟ್ರೇ, ಬ್ಯಾಟರಿ ಏನಾದ್ರೂ ಬಿಚ್ಚಿದ್ರಾ?

ಗುರುಬಸವರಾಜ್: ಇಲ್ಲ.

ಕೆಂಚೇಶ್: ಟೈರ್ ಬದಲಾಯಿಸಿದ್ರಾ?

ಗುರುಬಸವರಾಜ್: ಇಲ್ಲ.

ಕೆಂಚೇಶ್: ಕೆಸರಿಗೆ ಇಳಿಸಿದ್ರಾ?

ಗುರುಬಸವರಾಜ್: ನೆಟ್‌ವರ್ಕ್ ಸರಿಯಿಲ್ಲ ಕಣೋ, ಏನೂ ಕೇಳಿಸ್ತಿಲ್ಲ.

ದುರ್ಗಾಂಬಿಕಾ: ನಂಗೆ ಚೆನ್ನಾಗಿ ಕೇಳಿಸ್ತು. ಕೆಸರಿಗೆ ಇಳಿಸಿದ್ರಾ ಅಂತಿದ್ದಾನೆ.

ಗುರುಬಸವರಾಜ್: ಎಲ್ಲಿಯ ಕೆಸರು! ನಿನ್ನೆ ಚನ್ನಗಿರಿಗೆ ಹೋಗಿ ಬಂದೆ, ಅಷ್ಟೇ. ಪೂರ್ತಿ ಟಾರ್ ರಸ್ತೆ.

ಕೆಂಚೇಶ್: ಒಂದೊಂದು ಚಕ್ರಕ್ಕೂ ವೇಗ ನೋಡೋ ಸೆನ್ಸರ್ ಇರ್ತೈತೆ. ಅದಕ್ಕೆ ಕೆಸರು ಮೆತ್ತಿದ್ರೂ ಈ ದೀಪ ಹತ್ತಬಹುದು. ಚಕ್ರದ ಒಳಗಡೆ ಪೈಪಿನ ನೀರು ಬಿಡಿ. ಆಮೇಲೆ ಓಣಿ ತುದಿವರೆಗೆ ಓಡಿಸಿ ನೋಡಿ. ಆರಲಿಲ್ಲ ಅಂದ್ರೆ ಜಗಳೂರು ಬ್ಯಾಡ, ನಿಧಾನಕ್ಕೆ ನನ್ನ ಹತ್ರ ತನ್ನಿ.

(ಮೇಷ್ಟ್ರು ಏಳಲಿಲ್ಲ. ದುರ್ಗಾಂಬಿಕಾ ಸೆರಗು ಸಿಕ್ಕಿಸಿ, ತಾವೇ ಪೈಪ್ ಎಳೆದು ತಂದರು.)

ಗುರುಬಸವರಾಜ್: ರೇಷ್ಮೆ ಸೀರೆ ಕಣೆ! ಬಿಡು, ಹಿಂದಿನ ಚಕ್ರ ಚೊಕ್ಕಟವಾಗೇ ಐತೆ.

ದುರ್ಗಾಂಬಿಕಾ: ಹಿಂದಿನ ಚಕ್ರ ಅಂತ ನಾನೆಲ್ಲಿ ಹೇಳಿದೆ?

(ನೇರವಾಗಿ ಹಿಂದಿನ ಚಕ್ರಕ್ಕೇ ನೀರು ಬಿಟ್ಟರು. ಕೆಸರಿನ ಒಂದು ದೊಡ್ಡ ಹೆಂಟೆ ಧೊಪ್ಪನೆ ಬಿತ್ತು. ಅದರ ಜೊತೆ ಏನೋ ಹಸಿರು.)

ದುರ್ಗಾಂಬಿಕಾ: ಏನ್ರಿ ಇದು?

ಗುರುಬಸವರಾಜ್: ಹುಲ್ಲು.

ದುರ್ಗಾಂಬಿಕಾ: ಗೋವಿನಕೋವಿ ರೈತನ ಮಗಳು ನಾನು, ನಂಗೇ ಭತ್ತದ ಸಸಿ ತೋರಿಸಿ ಹುಲ್ಲು ಅಂತೀರಲ್ಲ! ನಾಟಿ ಮಾಡಿ ನಾಕು ದಿನ ಆಗಿಲ್ಲ ಇದು. ಟಾರ್ ರಸ್ತೆ ಮೇಲೆ ನಾಟಿ ಮಾಡ್ಯಾರಾ?

ಕೆಂಚೇಶ್: ಎಷ್ಟು ಸಸಿ ಐತಕ್ಕಾ?

ದುರ್ಗಾಂಬಿಕಾ: ಒಂದು ಹಿಡಿ.

ಕೆಂಚೇಶ್: ಹಂಗಾದ್ರೆ ಚಕ್ರ ಪೂರ್ತಿ ಗದ್ದೆಗೇ ಇಳಿದೈತೆ.

ಗುರುಬಸವರಾಜ್: ನೀನು ಮೆಕ್ಯಾನಿಕ್ಕೋ, ಪೊಲೀಸೋ?

(ಮೇಷ್ಟ್ರು ಕಾರಿನಿಂದಿಳಿದು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಳಿತರು.)

ಗುರುಬಸವರಾಜ್: ವಾಪಸ್ ಬರುವಾಗ, ಸಾಸ್ವೆಹಳ್ಳಿ ಹತ್ರ. ಟ್ರ್ಯಾಕ್ಟರಿನ ಕೆಸರು ರಸ್ತೆ ತುಂಬಾ ಬಿದ್ದಿತ್ತು. ಮಳೆ ಬೇರೆ ಹನೀತಿತ್ತು. ತಿರುವು ಬಂದಿದ್ದು ನಾನು ನೋಡ್ಲಿಲ್ಲ. ಬ್ರೇಕ್ ಒತ್ತಿದೆ ನೋಡು, ಕಾರು ಗಿರಕಿ ಹೊಡೀತು. ನಿಂತಾಗ ಹಿಂದಿನ ಚಕ್ರ ಗದ್ದೇಲಿ, ಮೂತಿ ಚನ್ನಗಿರಿ ಕಡೆಗೆ. ಅಂಜಿನಮ್ಮ ಅಂತ, ಅವರ ಗದ್ದೆ. ನಾಟಿ ಮಾಡ್ತಿದ್ದ ಹೆಣ್ಮಕ್ಕಳನ್ನೆಲ್ಲ ಕರೆದು ತಳ್ಳಿಸಿದ್ರು.

(ಪೈಪಿನ ನೀರು ಅಂಗಳದಲ್ಲಿ ಹರಿದುಹೋಗುತ್ತಿತ್ತು. ದುರ್ಗಾಂಬಿಕಾ ಹತ್ತಿರ ಬಂದು ಗಂಡನ ಭುಜ, ಮೊಣಕೈ ಮುಟ್ಟಿ ನೋಡಿದರು.)

ದುರ್ಗಾಂಬಿಕಾ: ಎಲ್ಲಾದ್ರೂ ಏಟು ಬಿತ್ತಾ?

ಗುರುಬಸವರಾಜ್: ಇಲ್ಲ.

ದುರ್ಗಾಂಬಿಕಾ: ನಂಗ್ಯಾಕೆ ಹೇಳ್ಲಿಲ್ಲ?

ಗುರುಬಸವರಾಜ್: ಹೆಂಗೆ ಹೇಳ್ಲಿ? ಬೆಳಿಗ್ಗೆ ಕೀಲಿ ತಿರುಗಿಸಿದ್ರೆ ಆ ತಿರುವೇ ಕಣ್ಮುಂದೆ ಬಂತು. ಆಗ ಈ ದೀಪ ಕಾಣಿಸ್ತು. ಒಂದು ನೆಪ ಸಿಕ್ತಲ್ಲಪ್ಪಾ ಅಂದ್ಕೊಂಡೆ.

ದುರ್ಗಾಂಬಿಕಾ: ಅಷ್ಟು ದೊಡ್ಡ ತಿರುವು ಹೆಂಗೆ ಕಾಣ್ಲಿಲ್ಲ? ಫೋನ್ ನೋಡ್ತಿದ್ರಾ?

ಗುರುಬಸವರಾಜ್: ಗಾಡಿ ಓಡಿಸುವಾಗ ಫೋನ್ ಮುಟ್ಟಲ್ಲ ನಾನು! ಕಾಗದ ನೋಡ್ತಿದ್ದೆ.

ದುರ್ಗಾಂಬಿಕಾ: ಯಾವ ಕಾಗದ?

ಗುರುಬಸವರಾಜ್: ಸ್ಟೇರಿಂಗ್ ಮೇಲಿಟ್ಕೊಂಡು... ಬಾಯಿಪಾಠ ಆಗ್ಲಿ ಅಂತ... ಇವತ್ತಿನ ಭಾಷಣ.

(ಫೋನಿನಾಚೆ ನ್ಯಾಮತಿಯಲ್ಲಿ ಒಂದು ಸ್ಪ್ಯಾನರ್ ನೆಲಕ್ಕೆ ಬಿದ್ದ ಸದ್ದು, ಅದರ ಹಿಂದೆಯೇ ಕೆಂಚೇಶನ ನಗು. ದುರ್ಗಾಂಬಿಕಾ ತುಟಿ ಕಚ್ಚಿ ತಡೆದರು, ಆಗಲಿಲ್ಲ. ನಗುವ ರಭಸಕ್ಕೆ ಕೈಯಲ್ಲಿದ್ದ ಪೈಪ್ ತಿರುಗಿ ಮೇಷ್ಟ್ರ ಬಿಳಿ ಅಂಗಿ ತೊಯ್ದು ಹೋಯಿತು.)

ಗುರುಬಸವರಾಜ್: ನಗು, ನಗು. ಯಾವ ಮುಖ ಇಟ್ಕೊಂಡು ಆ ಮಕ್ಕಳ ಮುಂದೆ ನಿಲ್ಲಲಿ?

ದುರ್ಗಾಂಬಿಕಾ: ಇರೋ ಮುಖಾನೇ ಇಟ್ಕೊಂಡು ನಿಲ್ರಿ. ನಿನ್ನೆ ಆಗಿದ್ದು ಆದಂಗೆ ಹೇಳ್ರಿ.

ಗುರುಬಸವರಾಜ್: ನಗ್ತಾರೆ.

ದುರ್ಗಾಂಬಿಕಾ: ನಗ್ಲಿ. ನಗೋ ಮಕ್ಕಳು ನಿದ್ದೆ ಮಾಡಲ್ಲ.

(ಮೇಷ್ಟ್ರು ಒಳಗೆ ಹೋಗಿ ನೀಲಿ ಅಂಗಿ ಹಾಕಿಕೊಂಡು ಬಂದರು. ದುರ್ಗಾಂಬಿಕಾ ಬಾನೆಟ್ ಮೇಲಿನ ಫೋನ್ ಎತ್ತಿಕೊಂಡು ಪಕ್ಕದಲ್ಲಿ ಕೂತರು. ಕಾರು ಓಣಿಯ ತುದಿಗೆ ನಡೆಯುವವರಷ್ಟೇ ನಿಧಾನವಾಗಿ ಹೋಯಿತು. ಆಮೇಲೆ ಸ್ವಲ್ಪ ಜೋರಾಗಿ ಇನ್ನೊಂದು ಸುತ್ತು. ದೀಪ ಆರಿತು.)

ಕೆಂಚೇಶ್: ಆರಿತಾ? ಹೊರಡಿ ಮೇಷ್ಟ್ರೇ. ಮತ್ತೆ ಹತ್ತಿದ್ರೆ ನಿಲ್ಲಿಸಿ ಫೋನ್ ಮಾಡಿ.

ದುರ್ಗಾಂಬಿಕಾ: ನಲವತ್ತರ ಮೇಲೆ ಓಡಿಸಿದ್ರೆ ನಾನು ಇಳಿದುಬಿಡ್ತೀನಿ.

ಗುರುಬಸವರಾಜ್: ಓಡೋ ಗಾಡಿಯಿಂದಾನಾ? ಅದನ್ನೂ ಭಾಷಣದಾಗೆ ಸೇರಿಸ್ತೀನಿ, ತಾಳು.

(ಜಗಳೂರು ಮುಟ್ಟಿದಾಗ ಹನ್ನೊಂದಕ್ಕೆ ಹತ್ತು ನಿಮಿಷ. ಮೇಷ್ಟ್ರು ಮಕ್ಕಳೆದುರು ನಿಂತು, ಎರಡು ಸಲ ಕೆಮ್ಮಿ, ಗಿರಕಿ ಹೊಡೆದದ್ದರಿಂದ ಹಿಡಿದು ಎಲ್ಲವನ್ನೂ ಹೇಳಿದರು. ಮಕ್ಕಳು ಬೆಂಚು ಬಡಿದು ನಕ್ಕರು. ಅನಿತಾ ಕರವಸ್ತ್ರದಲ್ಲಿ ಬಾಯಿ ಮುಚ್ಚಿಕೊಂಡಳು. ಕೊನೆಗೆ ಏಳನೇ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತಳು.)

ಹುಡುಗಿ: ಸಾರ್, ಕಾರು ಜಾರಿದಾಗ ಭಾಷಣದಾಗೆ ಯಾವ ಸಾಲು ಓದ್ತಿದ್ರಿ?

ಗುರುಬಸವರಾಜ್: 'ಚಾಲಕನ ಕಣ್ಣು ಸದಾ ರಸ್ತೆಯ ಮೇಲೆಯೇ ಇರಬೇಕು.' ಎರಡನೇ ಸಲ ಓದ್ತಿದ್ದೆ ಮಗಾ. ಸಾಲು ಅಷ್ಟು ಚೆನ್ನಾಗಿ ಬಂದಿತ್ತು.